ವಿಂಗರ್ ಇಲ್ಲದ ತಂಡಕ್ಕೆ ಗೋಲು ಎಲ್ಲಿಂದ ಬೀಳುತ್ತೆ

ಮೈಸೂರಿನ ಎನ್.ಆರ್. ಮೊಹಲ್ಲಾ ಕಡೆಯ ಹುಡುಗರಿಗೆ ಸಂಜೆ ಹೊತ್ತು ಫುಟ್‌ಬಾಲ್ ಹೇಳಿಕೊಡ್ತೀನಿ. ಗಲ್ಲಿಯಲ್ಲಿ ಚಪ್ಪಲಿಯನ್ನೇ ಗೋಲ್‌ಪೋಸ್ಟ್ ಮಾಡಿಕೊಂಡು ಆಡಿ ಬೆಳೆದವರು. ಅಲ್ಲಿ ಗೆರೆ ಎಲ್ಲಿಂದ ಬರಬೇಕು? ಚೆಂಡು ಗೋಡೆಗೆ ಬಡಿದು ವಾಪಸ್ ಬರುತ್ತೆ, ಆಟ ನಡೀತಾ ಇರುತ್ತೆ. ನಾಲ್ಕು ಜನರ ಮಧ್ಯೆ ನುಗ್ಗುವವರು ಬೇಕಾದಷ್ಟಿದ್ದರು. ಸುಣ್ಣದ ಗೆರೆಗೆ ಅಂಟಿಕೊಂಡು ನಿಂತು ಬದಿಯಿಂದ ದಾಳಿ ಮಾಡುವವನು, ಅಂದರೆ ವಿಂಗರ್, ಒಬ್ಬನೂ ಇರಲಿಲ್ಲ.

ನಮಗೆ ಗೋಲು ಹೊಡೆಯೋದು ಕಷ್ಟವಾಗುತ್ತೆ, ಅಷ್ಟೇ ಅಂದುಕೊಂಡಿದ್ದೆ. 4-4-2 (ನಾಲ್ಕು ಡಿಫೆಂಡರ್, ನಾಲ್ಕು ಮಿಡ್‌ಫೀಲ್ಡರ್, ಇಬ್ಬರು ಫಾರ್ವರ್ಡ್) ಇಟ್ಟು ಇಬ್ಬರು ಮಿಡ್‌ಫೀಲ್ಡರ್‌ಗಳನ್ನ ಎಡಬಲಕ್ಕೆ ನಿಲ್ಲಿಸಿದೆ. ಐದು ನಿಮಿಷ ನಿಂತರು, ಆಮೇಲೆ ಜಾತ್ರೆ ಕಂಡವರ ಹಾಗೆ ನಡುವಿಗೆ ಬಂದುಬಿಟ್ಟರು. ಅಗಲ ಬೇಕಲ್ಲ ಅಂತ ಡಿಫೆನ್ಸಿನ ಎಡಬಲ ಕಾಯುವ ಎರಡೂ ಫುಲ್‌ಬ್ಯಾಕ್‌ಗಳನ್ನ ಮುಂದಕ್ಕೆ ಅಟ್ಟಿದೆ. ಆ ಬುದ್ಧಿ ನಂದೇ.

ಮಂಡ್ಯದಲ್ಲಿ ಒಂದು ಫ್ರೆಂಡ್ಲಿ ಮ್ಯಾಚ್. ಮೂರು ಗೋಲು ತಿಂದೆವು, ಮೂರೂ ನಮ್ಮ ಬಲಬದಿಯಿಂದಲೇ. ಇಂಟರ್‌ವಲ್‌ನಲ್ಲಿ ರೈಟ್‌ಬ್ಯಾಕ್ ಹುಡುಗ ನೀರು ಕುಡೀತಾ ಕೇಳಿದ: "ಸಾರ್, ನಾನೊಬ್ನೇ ಇಬ್ರನ್ನ ಹೆಂಗ್ ತಡೀಲಿ?"

ಅವನು ಕೇಳಿದ್ದು ಸರಿ. ನಮ್ಮ ಕಡೆ ವಿಂಗರ್ ಇದ್ದಿದ್ದರೆ ಅವರ ಲೆಫ್ಟ್‌ಬ್ಯಾಕ್ ಅವನಿಗೆ ಹೆದರಿ ಹಿಂದೆಯೇ ಉಳೀತಿದ್ದ. ಕಾಯೋಕೆ ಯಾರೂ ಇಲ್ಲದಾಗ ಅವನೂ ಮೇಲೆ ಬಂದ, ಅವರ ವಿಂಗರ್ ಜೊತೆ ಸೇರಿ ಒಬ್ಬನ ಮೇಲೆ ಇಬ್ಬರಾದರು. ಸಹಾಯಕ್ಕೆ ಡಿಫೆನ್ಸಿನ ನಡುವೆ ಕಾಯುವ ನಮ್ಮ ಸೆಂಟರ್‌ಬ್ಯಾಕ್ ಬದಿಗೆ ಓಡಿದರೆ ಗೋಲಿನ ಮುಂದೆ ಬಯಲು. ಇನ್ನೊಂದು ನನಗೆ ತಡವಾಗಿ ಹೊಳೆದದ್ದು: ವಿಂಗರ್ ಗೆರೆ ಹತ್ತಿರ ಚೆಂಡು ಕಳಕೊಂಡರೆ ಬಹಳ ಸಲ ಅದು ಹೊರಗೆ ಹೋಗಿ ಥ್ರೋ ಆಗುತ್ತೆ, ಉಸಿರು ತಗೊಂಡು ಜಾಗಕ್ಕೆ ಮರಳಬಹುದು. ನಾವು ಕಳಕೊಳ್ತಿದ್ದುದು ನಟ್ಟನಡುವೆ, ಇಬ್ಬರೂ ಫುಲ್‌ಬ್ಯಾಕ್‌ಗಳು ಮೇಲಿರುವಾಗ.

ವಿಂಗರ್ ಇಲ್ಲದೆ ಗೆಲ್ಲೋಕಾಗಲ್ಲ ಅಂತಲ್ಲ. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಕೋಚ್ ಆಲ್ಫ್ ರ‍್ಯಾಮ್ಸೆ ಲೀಗ್ ಹಂತದ ಮೂರು ಪಂದ್ಯಗಳಲ್ಲಿ ಮೂವರು ವಿಂಗರ್‌ಗಳನ್ನ ಆಡಿಸಿ ನೋಡಿ, ಕ್ವಾರ್ಟರ್‌ಫೈನಲ್‌ನಿಂದ ಕೈಬಿಟ್ಟರು. ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯನ್ನ 4-2ರಿಂದ ಸೋಲಿಸಿದರು. ಆದರೆ ಅಲ್ಲಿ ಡಿಫೆನ್ಸ್ ಮುಂದೆ ನಾಬಿ ಸ್ಟೈಲ್ಸ್ ಕಾವಲಿದ್ದ. 21 ವರ್ಷದ ಆಲನ್ ಬಾಲ್ ಬಲಬದಿಯಲ್ಲಿ ಎಕ್ಸ್‌ಟ್ರಾ ಟೈಮಲ್ಲೂ ಓಡಿ ಓಡಿ ಜರ್ಮನಿಯ ಲೆಫ್ಟ್‌ಬ್ಯಾಕನ್ನ ಸುಸ್ತು ಮಾಡಿದ. ಹೆಸರಿಗೆ ಮಿಡ್‌ಫೀಲ್ಡರ್ ಅಷ್ಟೇ.

ನಮ್ಮಲ್ಲಿ ಅಂಥ ಶ್ವಾಸಕೋಶ ಇರೋರು ಯಾರೂ ಇಲ್ಲ. ಹಾಗಾಗಿ ಮೊದಲು ಒಂದು ಕಟ್ಟುಪಾಡು ಮಾಡಿದೆ: ಒಂದು ಫುಲ್‌ಬ್ಯಾಕ್ ಏರಿದರೆ ಇನ್ನೊಬ್ಬ ಸೆಂಟರ್‌ಬ್ಯಾಕ್‌ಗಳ ಪಕ್ಕ ಮೂರನೆಯವನಾಗಿ ನಿಲ್ಲಬೇಕು. ಎರಡನೆಯದು, ಚೆಂಡು ಹೋದ ತಕ್ಷಣ ಬದಿಯ ಮಿಡ್‌ಫೀಲ್ಡರ್ ಅದರ ಹಿಂದೆ ಬೀಳದೆ ತನ್ನ ಫುಲ್‌ಬ್ಯಾಕ್ ಇದ್ದಲ್ಲಿಗೆ ಓಡಬೇಕು. ಇದು ಬರೋಕೆ ಎರಡು ತಿಂಗಳು ಹಿಡೀತು. ಗಲ್ಲಿ ಹುಡುಗರಿಗೆ ಚೆಂಡು ಬಿಟ್ಟು ಓಡೋದು ಅಂದರೆ ಅವಮಾನ! ಆಮೇಲೆ ಇಡೀ ತಂಡ ಚೆಂಡಿರುವ ಬದಿಗೇ ಸರಿದು, ಆಚೆ ಬದಿಯನ್ನ ಖಾಲಿ ಬಿಡೋದು. ನಮ್ಮ ಮಟ್ಟದಲ್ಲಿ ಆ ಅಗಲಕ್ಕೆ ನೇರ ಪಾಸ್ ಹಾಕೋರು ಕಡಿಮೆ. ಅಂಥವನು ಸಿಕ್ಕ ದಿನ ಒದೆ ತಿಂದಿದ್ದೀವಿ, ಅದೂ ನಿಜ.

ಅದೇ ಮಂಡ್ಯದ ತಂಡ ಆಮೇಲೆ ಮೈಸೂರಿಗೆ ಬಂದಾಗ ಒಂದೇ ಗೋಲು ಬಿತ್ತು, ಕಾರ್ನರ್‌ನಿಂದ. ರೈಟ್‌ಬ್ಯಾಕ್‌ಗೆ ಮಾತ್ರ ಈಗ ಬೇರೆ ದೂರು: "ಸಾರ್, ನನ್ನ ಮುಂದಕ್ಕೆ ಹೋಗೋಕೆ ಬಿಡೋದೇ ಇಲ್ಲ ನೀವು."