ಹದಿನಾರರ ಹುಡುಗಿಗೆ ಮುಟ್ಟು ನಿಂತಿದೆ, ಈಗ ಏನು ಮಾಡೋದು?

ಮೊದಲನೆಯದು, ಮದುವೆ ಮಾತು ಎತ್ತಬೇಡಿ. ನಮ್ಮ ಕೊಡಗಿನಲ್ಲಿ ಇಂಥ ಸುದ್ದಿ ಗೊತ್ತಾದ ರಾತ್ರಿಯೇ ಹುಡುಗ ಯಾರು, ಅವನ ಮನೆಯವರು ಹೇಗೆ, ಒಂದು ತಾಳಿ ಕಟ್ಟಿಸಿಬಿಟ್ಟರೆ ಮುಗಿಯಿತಲ್ಲ ಅಂತ ಲೆಕ್ಕ ಶುರುವಾಗುತ್ತದೆ. ಮುಗಿಯುವುದಿಲ್ಲ. 2006ರ ಬಾಲ್ಯವಿವಾಹ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ 18 ತುಂಬದ ಹುಡುಗಿಯ ಮದುವೆ ಮದುವೆಯೇ ಅಲ್ಲ. ನಡೆಸಿದವರು, ನಡೆಯಲು ಬಿಟ್ಟ ಹೆತ್ತವರು, ಹೋಗಿ ಅಕ್ಷತೆ ಹಾಕಿದವರು ಕೂಡ ಸಿಕ್ಕಿಕೊಳ್ಳಬಹುದು. ಹುಡುಗನಿಗೂ ತಾಳಿಯಿಂದ ರಕ್ಷಣೆ ಇಲ್ಲ. ಹೆಂಡತಿಯಾದರೂ 18ರ ಒಳಗಿದ್ದರೆ ಅದು ಅತ್ಯಾಚಾರವೇ ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ.

ಎರಡನೆಯದು, ವಾರ ಎಣಿಸಿ. ನಾನು ಕಾಫಿ ತೋಟದ ಕೂಲಿಯವರು ಇರುವ ಲೈನ್ ಮನೆಗಳ ಪಕ್ಕದ ಅಂಗನವಾಡಿಯಲ್ಲಿ ವರ್ಷಗಟ್ಟಲೆ ಇದ್ದವಳು. ಹುಡುಗಿ ಹೆದರಿ ಒಂದು ತಿಂಗಳು ಮುಚ್ಚಿಡುತ್ತಾಳೆ, ಅಮ್ಮ ಅಪ್ಪನಿಂದ ಹದಿನೈದು ದಿನ ಮುಚ್ಚಿಡುತ್ತಾಳೆ, ಅಪ್ಪ ಊರಿನಿಂದ ಮುಚ್ಚಿಡುತ್ತಾನೆ. ಆಸ್ಪತ್ರೆ ಮೆಟ್ಟಿಲು ಹತ್ತುವಾಗ ಐದು ತಿಂಗಳು. ಅಷ್ಟರಲ್ಲಿ ಸುಲಭದ ದಾರಿಗಳೆಲ್ಲ ಒಂದೊಂದಾಗಿ ಮುಚ್ಚಿರುತ್ತವೆ.

ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ತಾರೀಕು ಕೇಳಿದರೆ ಅವಳಿಗೆ ನೆನಪಿರುವುದಿಲ್ಲ. ಹುತ್ತರಿ ಹಬ್ಬಕ್ಕೆ ಮುಂಚೆನಾ, ಆಮೇಲಾ? ಕಾಫಿ ಕೊಯ್ಲು ಶುರುವಾಗಿತ್ತಾ? ಶಾಲೆಯಲ್ಲಿ ಪರೀಕ್ಷೆ ಇತ್ತಾ? ಹೀಗೆ ಕೇಳಿ. ಡಿಸೆಂಬರ್ ಮೊದಲ ವಾರದ ಹುತ್ತರಿ ಹೊತ್ತಿಗೆ ಮುಟ್ಟಾಗಿ ಆಮೇಲೆ ಆಗಿಲ್ಲ ಅಂದರೆ, ಜನವರಿ 26ಕ್ಕೆ ಏಳೆಂಟು ವಾರ.

ಎಲ್ಲ ಸಲವೂ ಬಸಿರೇ ಅಂತಲ್ಲ, ಈ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುತ್ತದೆ. ಮೂತ್ರ ಪರೀಕ್ಷೆ ಮಾಡಿಸಿ, ಬೆಳಗಿನ ಮೊದಲ ಮೂತ್ರವಾದರೆ ಒಳ್ಳೆಯದು. ಕಿಟ್ ಆಶಾ ಕಾರ್ಯಕರ್ತೆ ಹತ್ತಿರ ಉಚಿತವಾಗಿ ಸಿಗುತ್ತದೆ. ಸಿದ್ದಾಪುರದ ಮೆಡಿಕಲ್‌ನವರು ಗುರುತಿನವರು, ನಾಚಿಕೆ ಆಗುತ್ತದೆ ಅನ್ನುವವರು ವಿರಾಜಪೇಟೆಗೋ ಕುಶಾಲನಗರಕ್ಕೋ ಹೋಗಿ ತನ್ನಿ. ಬಸ್ ಚಾರ್ಜ್ ಹೋದರೆ ಹೋಗಲಿ, ವಾರ ಹೋಗಬಾರದು.

ಹುಡುಗಿಯ ಹತ್ತಿರ ಒಬ್ಬಳೇ ಇರುವಾಗ ಮಾತಾಡಿ. "ಯಾರವನು?" ಅಂತ ಶುರು ಮಾಡಿದರೆ ಅವಳ ಬಾಯಿ ಅಲ್ಲಿಗೇ ಕಟ್ಟುತ್ತದೆ. "ಬೈಯೋದಿಲ್ಲ ಮಗಳೇ, ನಿಧಾನಕ್ಕೆ ಹೇಳು" ಅನ್ನಿ, ಆಮೇಲೆ ಸುಮ್ನೆ ಇರಿ. ಲವ್ ಅಂತಲೇ ಅಂದುಕೊಳ್ಳಬೇಡಿ. ಮನೆಯೊಳಗಿನವನೇ ಆಗಿರಬಹುದು, ಮಾವ, ಅಣ್ಣ, ಅಪ್ಪ ಕೂಡ. ಹಾಗಿದ್ದರೆ ಪಂಚಾಯಿತಿ ಸೇರಿಸಿ ರಾಜಿ ಮಾಡುವ ಮಾತೇ ಬೇಡ. ಅವಳು ಆ ರಾತ್ರಿ ಎಲ್ಲಿ ಮಲಗುತ್ತಾಳೆ ಅನ್ನುವುದು ಮೊದಲ ಪ್ರಶ್ನೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿಯವರು ಬೇಕಾದರೆ ಬಾಲಮಂದಿರದಲ್ಲಿ ಇರಿಸುತ್ತಾರೆ.

ಈಗ ಎಲ್ಲರೂ ಹೆದರುವ ವಿಷಯ, ಪೊಲೀಸ್. ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆಂದೇ ಇರುವ 2012ರ ಪೋಕ್ಸೊ ಕಾಯ್ದೆಗೆ 18ರ ಒಳಗಿನವರ ಒಪ್ಪಿಗೆ ಲೆಕ್ಕಕ್ಕಿಲ್ಲ, ಪ್ರೀತಿ ಗೀತಿ ಅದಕ್ಕೆ ಗೊತ್ತಿಲ್ಲ. ಬಸಿರು ಅಂತ ತಿಳಿದ ಡಾಕ್ಟರ್ ತಿಳಿಸಲೇಬೇಕು. ಇದಕ್ಕೆ ಹೆದರಿಯೇ ಜನ ಆಸ್ಪತ್ರೆ ಬಿಟ್ಟು ಹಸಿ ಪಪ್ಪಾಯಿ, ಕಷಾಯ, ಯಾರೋ ತಂದುಕೊಟ್ಟ ಮಾತ್ರೆ ಅಂತ ಹೋಗುವುದು. ಅರ್ಧ ಉಳಿದು ರಕ್ತ ನಿಲ್ಲದೆ, ಕೊನೆಗೆ ಅದೇ ಆಸ್ಪತ್ರೆಗೆ ರಾತ್ರಿ ಜೀಪಿನಲ್ಲಿ ಹೊತ್ತು ತಂದಿದ್ದನ್ನು ನಾನು ನೋಡಿದ್ದೇನೆ. ಆದರೆ ಇದೊಂದು ನೆನಪಿಡಿ: ಗರ್ಭಪಾತಕ್ಕೆ ಬಂದ ಹುಡುಗಿಯೂ ಪೋಷಕರೂ ಕೇಳಿಕೊಂಡರೆ, ಡಾಕ್ಟರ್ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ ಅಂತ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಸ್ಪತ್ರೆಯಲ್ಲಿ ಇದನ್ನು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಗರ್ಭಪಾತದ ಲೆಕ್ಕ ಹೀಗಿದೆ. 9 ವಾರದವರೆಗೆ ಮಾತ್ರೆಯಲ್ಲಿ ಆಗಬಹುದು, ಡಾಕ್ಟರ್ ಕೊಟ್ಟು ನೋಡಿಕೊಂಡರೆ ಮಾತ್ರ. 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು. ಗರ್ಭಪಾತದ ಕಾಯ್ದೆಗೆ 2021ರ ತಿದ್ದುಪಡಿ ಆದ ಮೇಲೆ 18ರ ಒಳಗಿನವರಿಗೆ 24 ವಾರದವರೆಗೂ ಅವಕಾಶ ಇದೆ, ಆಗ ಇಬ್ಬರು ಡಾಕ್ಟರ್ ಒಪ್ಪಬೇಕು. ಅದನ್ನೂ ದಾಟಿದರೆ ಹೈಕೋರ್ಟ್ ಬಾಗಿಲು. ಸಹಿಗೆ ಅಪ್ಪ ಅಮ್ಮನೇ ಬೇಕು ಅಂತಿಲ್ಲ, ಅವಳನ್ನು ಸಾಕುತ್ತಿರುವ ಅಜ್ಜಿಯೋ ಚಿಕ್ಕಮ್ಮನೋ ಹಾಕಬಹುದು. ಆದರೆ ಇಟ್ಟುಕೊಳ್ಳುವುದೋ ತೆಗೆಸುವುದೋ ಅನ್ನುವುದರಲ್ಲಿ ಹುಡುಗಿಯ ಮಾತು ನಡೆಯಬೇಕು. ವಕೀಲರ ಸಹಾಯ ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಸಿಗುತ್ತದೆ, ಅದರ ಸಹಾಯವಾಣಿ 15100.

ಇಟ್ಟುಕೊಳ್ಳುತ್ತಾಳೆ ಅಂದರೆ ತಡ ಮಾಡದೆ ತಾಯಿ ಕಾರ್ಡ್ ಮಾಡಿಸಿ. ಅವಳ ಮೈ ಇನ್ನೂ ಬೆಳೆಯುತ್ತಿದೆ, ಒಳಗಿನ ಮಗುವೂ ಬೆಳೆಯಬೇಕು, ತಟ್ಟೆಯಲ್ಲಿರುವುದು ಅದೇ ಅನ್ನ ಸಾರು. ರಕ್ತ ಕಡಿಮೆ ಇರುವುದು ನಮ್ಮ ಹುಡುಗಿಯರಲ್ಲಿ ಮೊದಲೇ ಜಾಸ್ತಿ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತಲೇ. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಗಾಗುತ್ತದೆ, ಹೆದರಿ ಬಿಡಬೇಡಿ. ಮಾತ್ರೆಯ ಜೊತೆಗೇ ಕಾಫಿ ಟೀ ಕುಡಿದರೆ ಅದು ಮೈಗೆ ಹತ್ತುವುದಿಲ್ಲ (ಕೊಡಗಿನಲ್ಲಿ ಈ ಮಾತು ಹೇಳಿ ಗೆದ್ದವರಿಲ್ಲ, ಆದರೂ ಒಂದು ಗಂಟೆ ಬಿಟ್ಟು ಕುಡಿಯಲಿ). ಚಿಕ್ಕ ವಯಸ್ಸಿನ ಬಸಿರಿನಲ್ಲಿ ಬಿಪಿ ಏರಿ ಫಿಟ್ಸ್ ಬರುವ ಅಪಾಯ ಜಾಸ್ತಿ, ದಿನ ತುಂಬುವ ಮೊದಲೇ ಹೆರಿಗೆ, ತೂಕ ಕಡಿಮೆ ಇರುವ ಮಗು ಕೂಡ. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ದಿನ ಹತ್ತಿರ ಬಂದಿದ್ದು ಜೂನ್ ಜುಲೈ ಆದರೆ ಮಳೆಗೆ ಮರ ಬಿದ್ದು ರಸ್ತೆ ಕಟ್ಟಾಗುವ ಮೊದಲೇ ಆಸ್ಪತ್ರೆ ಹತ್ತಿರ ಇರುವ ನೆಂಟರ ಮನೆಗೆ ಕಳಿಸಿ.

ಮಗು ಸಾಕಲು ಆಗುವುದಿಲ್ಲ ಅಂತಾದರೆ ಮಕ್ಕಳಿಲ್ಲದ ಯಾರಿಗೋ ಕೈಯಿಂದ ಕೈಗೆ ಕೊಡಬೇಡಿ, ಅದು ಅಪರಾಧ. ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಾದರೆ ವಾಪಸ್ ಕೇಳಲು ಎರಡು ತಿಂಗಳ ಅವಕಾಶ ಇದೆ.

ಇದೆಲ್ಲ ಹಾಡಿಯಲ್ಲಿರುವ ಆದಿವಾಸಿಗಳ, ಲೈನ್ ಮನೆಯವರ ಕಥೆ ಅನ್ನುವವರಿದ್ದಾರೆ. ಕಾರಿದ್ದವರ ಮನೆಯ ಹುಡುಗಿ ನಾಲ್ಕು ದಿನ ಮೈಸೂರಿನ ಅತ್ತೆ ಮನೆಗೆ ಹೋಗಿ ಬರುತ್ತಾಳೆ, ಲೈನ್ ಮನೆಯ ಹುಡುಗಿ ಎಲ್ಲರ ಕಣ್ಣೆದುರು ಹೊಟ್ಟೆ ಹೊತ್ತು ಹಣ್ಣು ಕೊಯ್ಯಲು ಹೋಗುತ್ತಾಳೆ, ಅಷ್ಟೇ ವ್ಯತ್ಯಾಸ. ಒಂಬತ್ತನೇ ಕ್ಲಾಸಿಗೆ ಬಿಟ್ಟವಳಿಗೆ ಆಮೇಲೆ ತೋಟದ ಕೂಲಿ ಬಿಟ್ಟು ಬೇರೆ ಕೆಲಸ ಯಾರು ಕೊಡುತ್ತಾರೆ? ಅವಳ ಮಗಳೂ ಅದೇ ಲೈನಿನಲ್ಲಿ ಬೆಳೆಯುತ್ತಾಳೆ. ನನ್ನ ಅಂಗನವಾಡಿಗೆ ಬಂದ ಮಗುವೊಂದರ ಅಮ್ಮ ಕೆಲವೇ ವರ್ಷದ ಹಿಂದೆ ಅದೇ ಚಾಪೆಯ ಮೇಲೆ ಕೂತವಳು.

ಹಾಗಾಗಿ ಶಾಲೆಯ ವಿಷಯ ಆಮೇಲೆ ನೋಡೋಣ ಅಂತ ಬಿಡಬೇಡಿ. ಟಿಸಿ ತಗೊಂಡು ಹೋಗಿ ಅಂದರೆ ತಗೋಬೇಡಿ. ಹೆಡ್‌ಮಾಸ್ಟರ್ ಹತ್ತಿರ ನೀವೇ ಹೋಗಿ, ಕಾಯಿಲೆ ರಜೆ ಅಂತ ಕೊಟ್ಟರೂ ಸಾಕು, ಕಾರಣ ಸ್ಟಾಫ್ ರೂಮಿಗೆಲ್ಲ ಗೊತ್ತಾಗಬೇಕಾಗಿಲ್ಲ. ಹಾಜರಾತಿ ಕೈಕೊಟ್ಟರೆ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ಮುಕ್ತ ಶಾಲೆಯೂ ಇದೆ. ಪರೀಕ್ಷೆಯ ಆ ಆರು ದಿನ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಈಗಲೇ ಒಬ್ಬರ ಹತ್ತಿರ ಮಾತಾಡಿಟ್ಟುಕೊಳ್ಳಿ.