ರಾಡಾರ್ ಟಿಲ್ಟ್: ಕೈಯಿಂದಲೇ ಇಳಿಸುವ ನನ್ನ ಕ್ರಮ

ಟಿಲ್ಟ್ ಅಂದರೆ ವಿಮಾನದ ಮೂತಿಯಲ್ಲಿರುವ ಹವಾಮಾನ ರಾಡಾರ್‌ನ ಕಿರಣವನ್ನು ಮೇಲೆ ಕೆಳಗೆ ಬಾಗಿಸುವ ಕೋನ. ಅದನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಮೋಡ್ ಇರುವಾಗ ಟಿಲ್ಟ್ ಗುಂಡಿ ತಿರುಗಿಸುತ್ತ ಕೂರುವುದು ವ್ಯರ್ಥ ಅಂತ ಜೊತೆಗೆ ಹಾರಿದವರು ಬಹಳ ಸಲ ಹೇಳಿದ್ದಾರೆ. ಈಗ ಅವರಲ್ಲೇ ಕೆಲವರು "ಕ್ಯಾಪ್ಟನ್, ಅದನ್ನೊಮ್ಮೆ ತೋರಿಸಿಕೊಡಿ" ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

36,000 ಅಡಿಯಲ್ಲಿ ಟಿಲ್ಟ್ ಸೊನ್ನೆಗಿಟ್ಟರೆ ಕಿರಣ ಬೀಳುವುದು ಒಣ ಹಿಮಹರಳಿನ ಮೇಲೆ. ತೆರೆಯಲ್ಲಿ ಗಟ್ಟಿ ಮಳೆ ಕೆಂಪು, ದುರ್ಬಲ ಪ್ರತಿಫಲನ ಹಸಿರು; ಹರಳಿನಿಂದ ವಾಪಸ್ ಬರುವುದು ಒಂದಿಷ್ಟು ಹಸಿರು, ಕೆಲವೊಮ್ಮೆ ಅದೂ ಇಲ್ಲ. ನೋಡಬೇಕಾದ್ದು ಮೋಡದ ತಲೆಯನ್ನಲ್ಲ, ನೀರಹನಿ ತುಂಬಿದ ಹೊಟ್ಟೆಯನ್ನು. ಟಿಲ್ಟ್ ಒಂದು ಡಿಗ್ರಿ ಇಳಿಸಿದರೆ ಕಿರಣ ಪ್ರತಿ ನಾಟಿಕಲ್ ಮೈಲಿಗೆ ಸುಮಾರು ನೂರು ಅಡಿ ಕೆಳಗಿಳಿಯುತ್ತದೆ ಅನ್ನುವುದು ಲೆಕ್ಕ. ಫ್ರೀಜಿಂಗ್ ಲೆವೆಲ್, ಅಂದರೆ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯುವ ಎತ್ತರ, 16,000 ಅಡಿ ಅಂದುಕೊಳ್ಳಿ: 80 ಮೈಲಿ ದೂರದ ಮೋಡಕ್ಕೆ ಎರಡೂವರೆ ಡಿಗ್ರಿ ಕೆಳಗೆ, ಅದೇ ಮೋಡ 40ಕ್ಕೆ ಬಂದಾಗ ಐದು. ಇಳಿಸದೆ ಬಿಟ್ಟರೆ ದೂರದಲ್ಲಿ ಕೆಂಪಗಿದ್ದದ್ದು ಹತ್ತಿರ ಬಂದಂತೆ ಹಸಿರಾಗಿ ಕರಗಿದ ಹಾಗೆ ಕಾಣುತ್ತದೆ. ಮೋಡ ಎಲ್ಲೂ ಹೋಗಿರುವುದಿಲ್ಲ, ಕಿರಣ ಮೇಲಕ್ಕೆ ಸರಿದಿರುತ್ತದೆ.

ಎಲ್ಲರ ಬಾಯಿ ಮುಚ್ಚಿಸಿದ್ದು ಒಂದು ರಾತ್ರಿಯ ಸಾಲುಮೋಡ. ಆಟೋದಲ್ಲಿ ಎರಡು ಕೆಂಪು ಗುಡ್ಡೆಗಳ ನಡುವೆ ಚೊಕ್ಕ ಕಪ್ಪು ಸಂದಿ. ಪಕ್ಕದವರು ಅಲ್ಲೇ ನುಗ್ಗೋಣ ಅಂದರು. ಆಟೋ ನೆಲದ ಪ್ರತಿಫಲನವನ್ನು ಅಳಿಸಿಬಿಡುತ್ತದೆ. ನನಗೆ ಬೇಕಾಗಿದ್ದು ಅದೇ ನೆಲ. ಮ್ಯಾನುಯಲ್‌ಗೆ ಹಾಕಿ ಟಿಲ್ಟ್ ಇಳಿಸಿದೆ. ಎಡಬಲಕ್ಕೆಲ್ಲ ನೆಲ ಮೂಡಿತು, ಸಂದಿಯ ಹಿಂದೆ ಮಾತ್ರ ಬರೀ ಕಪ್ಪು. ಅದರ ಮುಂದಿದ್ದ ಮಳೆ ಕಿರಣವನ್ನೆಲ್ಲ ಕುಡಿದುಬಿಟ್ಟಿತ್ತು. ಗಾಳಿ ಬರುವ ಮಗ್ಗುಲಿಗೆ 20 ಮೈಲಿ ಬಿಟ್ಟು ಸುತ್ತಿದೆವು. ಪಕ್ಕಕ್ಕೆ ಬಂದಾಗ ಮಿಂಚಿನಲ್ಲಿ ಕಂಡಿತು: ಆ 'ಸಂದಿ'ಯ ಹಿಂದೆ ಅಡ್ಡಲಾಗಿ ನಿಂತಿದ್ದ ಗೋಡೆ. ಮಳೆಯ ಹಿಂದೆ ತೆರೆಯಲ್ಲಿ ಬೀಳುವ ಇಂಥ ಕಪ್ಪು ನೆರಳನ್ನು ಬೆಟ್ಟದ ನೆರಳಿನಿಂದ ಬೇರ್ಪಡಿಸಲು ನನ್ನದೊಂದು ಉಪಾಯವಿದೆ. ಅದು ಪಕ್ಕದ ಸೀಟಿನಲ್ಲಿ ಕೂತವರಿಗೆ ಮಾತ್ರ.

ಸುತ್ತಿದರೆ ಇಂಧನ ದಂಡ ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ಮೋಡದಿಂದ 20 ಮೈಲಿ ಪಕ್ಕಕ್ಕೆ ಸರಿಯಲು 80 ಮೈಲಿ ಇರುವಾಗಲೇ ತಿರುಗಿದರೆ ಹೋಗಿಬರುವ ಹೆಚ್ಚುವರಿ ಸುತ್ತು ಸುಮಾರು 5 ಮೈಲಿ. 20 ಮೈಲಿ ಇರುವಾಗ ಎಚ್ಚೆತ್ತರೆ 45 ಡಿಗ್ರಿ ತಿರುಗಬೇಕು, ಸುತ್ತು 16 ಮೈಲಿ ದಾಟುತ್ತದೆ. ನಿಮಿಷಕ್ಕೆ 40 ಕಿಲೋ ಸುಡುವ ವಿಮಾನದಲ್ಲಿ ಅದು 25 ಕಿಲೋಗೂ 80 ಕಿಲೋಗೂ ಇರುವ ಅಂತರ. ಬೇಗ ನೋಡಿದವನೇ ಉಳಿಸುವವನು.

ಬೇರೆ ಪ್ರಯೋಗಗಳೂ ನಡೆದವು. ಗೇನ್, ಅಂದರೆ ರಾಡಾರ್‌ನ ಗ್ರಹಣಶಕ್ತಿ, ಪೂರ್ತಿ ಏರಿಸಿ ನೋಡಿದೆ: ಎತ್ತರದ ಹರಳುಗಳಿಗೆ ಒಳ್ಳೆಯದೇ, ಕೆಳಗೆ ಮಳೆಯಲ್ಲಿ ಇಡೀ ತೆರೆ ಕೆಂಪು, ಏನೂ ಬಿಡಿಸಲಾಗದು. ಕುಲುಕಾಟ ತೋರಿಸುವ ಮಜೆಂಟಾ ಬಣ್ಣವನ್ನು ನಂಬಿ ನೋಡಿದೆ: 40 ಮೈಲಿಯೊಳಗೆ, ಅದೂ ಹನಿಗಳಿದ್ದ ಕಡೆ ಮಾತ್ರ ಸಿಗುತ್ತದೆ, ಒಣ ಗಾಳಿಯ ಕುಲುಕಾಟಕ್ಕೆ ಪ್ರಯೋಜನವಿಲ್ಲ. 12 ಇಂಚಿನ ಆಂಟೆನಾದ ಸಣ್ಣ ವಿಮಾನದಲ್ಲಿ ನನ್ನ ಕ್ರಮ ದೂರಕ್ಕೆ ಸೋತಿತು. ಅಲ್ಲಿ ಕಿರಣವೇ ಎಂಟು ಡಿಗ್ರಿ ಅಗಲ. 80 ಮೈಲಿ ದೂರದಲ್ಲಿ ಅದು 64,000 ಅಡಿ ಹರಡುತ್ತದೆ, ನೆಲ ಮೋಡ ಎಲ್ಲ ಕಲಸುಮೇಲೋಗರ. 25 ಮೈಲಿಯೊಳಗೆ ಮಾತ್ರ ಕೆಲಸಕ್ಕೆ ಬಂತು. ಗೇನ್ ಒಂದೊಂದೇ ಮೆಟ್ಟಿಲು ಇಳಿಸಿ ಕೆಂಪಿನೊಳಗಿನ ಗಟ್ಟಿ ಭಾಗ ಹುಡುಕುವುದನ್ನು ಈಗ ಅದರಲ್ಲೇ ಪರೀಕ್ಷಿಸುತ್ತಿದ್ದೇನೆ.