ಹೈಸ್ಕೂಲಿನಲ್ಲಿ ಆಡುವ ಮಕ್ಕಳು ಮತ್ತು ಜಾಹೀರಾತಿನ ದುಡ್ಡು: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಮಗಳು ಸ್ಕೂಲಿನ ಟೆನಿಸ್ ಟೀಮಿನಲ್ಲಿ ಚೆನ್ನಾಗಿ ಆಡುತ್ತಾಳೆ, ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ವಿಡಿಯೊ ಹಾಕಿದ್ದಾಳೆ ಅಂದುಕೊಳ್ಳಿ. "ನಮ್ಮ ಶೂ ಹಾಕ್ಕೊಂಡು ಒಂದು ರೀಲ್ ಮಾಡು, ಶೂ ನಿನಗೇ" ಅಂತ ಯಾವುದೋ ಅಂಗಡಿಯಿಂದ ಮೆಸೇಜ್ ಬರಬಹುದು. ನಮ್ಮ ಕಾಲದಲ್ಲಿ ತಾಲ್ಲೂಕು ಮಟ್ಟದಲ್ಲಿ ಗೆದ್ದರೆ ಸರ್ಟಿಫಿಕೇಟು, ಸ್ಟೀಲ್ ಲೋಟ ಅಷ್ಟೇ ಅಲ್ವಾ? ಖುಷಿಯಾಗುವುದು ಸಹಜ. ಆದರೆ ಹೂಂ ಅನ್ನುವ ಮುಂಚೆ ಎರಡು ವಿಷಯ ನೋಡಿ.

ಮೊದಲನೆಯದು ನೀವಿರುವ ರಾಜ್ಯ. ಕಾಲೇಜು ಆಟಗಾರರು ತಮ್ಮ ಹೆಸರು, ಮುಖದಿಂದ ದುಡಿಯಲು 2021ರ ಜುಲೈನಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಒಪ್ಪಿತು. ಎನ್‌ಐಎಲ್ (ನೇಮ್, ಇಮೇಜ್, ಲೈಕ್‌ನೆಸ್) ಅನ್ನುವುದು ಇದನ್ನೇ. ಹೈಸ್ಕೂಲಿನ ನಿಯಮ ಮಾತ್ರ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿ ಅವಕಾಶ ಇದೆ. ಜಾರ್ಜಿಯಾ 2023ರಲ್ಲಿ, ಫ್ಲಾರಿಡಾ 2024ರಲ್ಲಿ, ಓಹಾಯೊ 2025ರ ನವೆಂಬರಿನಲ್ಲಿ ಒಪ್ಪಿದವು. ಅಲ್ಲೂ ಸ್ಕೂಲಿನ ಜೆರ್ಸಿ, ಲೋಗೊ ಬಳಸುವ ಹಾಗಿಲ್ಲ. ಆಡಿದ್ದಕ್ಕೆ, ಗೆದ್ದಿದ್ದಕ್ಕೆ ಅಂತ ದುಡ್ಡು ತಗೊಳ್ಳುವ ಹಾಗಿಲ್ಲ.

ಟೆಕ್ಸಾಸ್ ಬೇರೆ. ಅಲ್ಲಿ ಸ್ಕೂಲು ಆಟಗಳನ್ನು ನೋಡಿಕೊಳ್ಳುವ ಯುಐಎಲ್ ಸಂಸ್ಥೆಯ ನಿಯಮದಲ್ಲಿ, ಯಾವುದೇ ವಸ್ತುವಿನ ಪ್ರಚಾರಕ್ಕೆ ಹೆಸರು ಕೊಟ್ಟು ಬೆಲೆಬಾಳುವ ಏನನ್ನು ತಗೊಂಡರೂ ವಾರ್ಸಿಟಿ, ಅಂದರೆ ಸ್ಕೂಲಿನ ಮುಖ್ಯ ಟೀಮಿನಲ್ಲಿ ಆಡುವ ಅರ್ಹತೆ ಹೋಗುತ್ತದೆ. ಆ ಶೂ ಕೂಡ ಅದರಲ್ಲಿ ಬಂತು. 2021ರಲ್ಲಿ ಟೆಕ್ಸಾಸಿನ ಸೌತ್‌ಲೇಕ್‌ನ ಫುಟ್‌ಬಾಲ್ ಆಟಗಾರ ಕ್ವಿನ್ ಯೂವರ್ಸ್ ಇದೇ ಕಾರಣಕ್ಕೆ ಹೈಸ್ಕೂಲಿನ ಕೊನೆಯ ವರ್ಷ ಬಿಟ್ಟು ಓಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಹೋದರು.

ಎರಡನೆಯದು ವೀಸಾ. ಇದನ್ನು ಸ್ಕೂಲಿನ ಕೋಚ್ ಹೇಳುವುದಿಲ್ಲ, ಅವರಿಗೆ ಗೊತ್ತೂ ಇರುವುದಿಲ್ಲ. ರಾಜ್ಯ ಒಪ್ಪಿದರೂ, ಎಚ್-1ಬಿಯಲ್ಲಿ ಕೆಲಸ ಮಾಡುವವರ ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಮಗು ಕೆಲಸ ಮಾಡುವ ಹಾಗಿಲ್ಲ. 2015ರಿಂದ ಇಎಡಿ (ಕೆಲಸ ಮಾಡಲು ಪರವಾನಗಿ) ಸಿಗುತ್ತಿರುವುದು ಕೆಲವು ಎಚ್-4 ಗಂಡ-ಹೆಂಡತಿಯರಿಗೆ, ಮಕ್ಕಳಿಗಲ್ಲ. ಗ್ರೀನ್ ಕಾರ್ಡಿಗೆ ಐ-485 ಅರ್ಜಿ ಹಾಕಿ ಮಗುವಿಗೆ ಇಎಡಿ ಬಂದಿದ್ದರೆ ಬೇರೆ ಮಾತು. ಶೂ ತಗೊಂಡು ರೀಲ್ ಮಾಡಿದರೆ ಅದನ್ನೂ ಕೆಲಸ ಅಂತಲೇ ನೋಡಬಹುದು. ಒಂದು ಜೊತೆ ಶೂಗೋಸ್ಕರ ಮಗುವಿನ ಗ್ರೀನ್ ಕಾರ್ಡಿಗೆ ತೊಂದರೆ ತಂದುಕೊಳ್ಳಬೇಡಿ. ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ.

ದುಡಿಯಬಹುದಾದ ಮಕ್ಕಳಾದರೆ, ಸ್ವಂತ ದುಡಿಮೆಯ ನಿವ್ವಳ ಆದಾಯ 400 ಡಾಲರ್ ಮುಟ್ಟಿದ ಕೂಡಲೇ ಟ್ಯಾಕ್ಸ್ ರಿಟರ್ನ್ ಹಾಕಬೇಕು.

ನನಗೆ ಸಂಕಟವಾಗುವುದು ಇಲ್ಲಿ. ಒಂದೇ ಟೀಮಿನ ಇಬ್ಬರು ಹುಡುಗಿಯರು ನಸುಕಿನಲ್ಲೇ ಎದ್ದು ಪ್ರ್ಯಾಕ್ಟೀಸಿಗೆ ಹೋಗುತ್ತಾರೆ, ಒಂದೇ ಕಾರಿನಲ್ಲಿ ವಾಪಸ್ ಬರುತ್ತಾರೆ. ಒಬ್ಬಳು ಇಲ್ಲೇ ಹುಟ್ಟಿದವಳು, ರೀಲ್ ಮಾಡಬಹುದು. ಎರಡು ವರ್ಷದವಳಿದ್ದಾಗ ಬೆಂಗಳೂರಿನಿಂದ ಬಂದ ನಮ್ಮ ಮಗು ಮಾಡುವ ಹಾಗಿಲ್ಲ. ಅವಳಿಗೆ ನೆನಪಿರುವುದು ಈ ಊರೊಂದೇ. ಊರು ಬಿಡುವ ತೀರ್ಮಾನ ನಮ್ಮದು, ಅವಳನ್ನು ಯಾರೂ ಕೇಳಿರಲಿಲ್ಲ.

"ಓದಿನ ಕಡೆ ಗಮನ ಕೊಡು" ಅಂತ ಸುಮ್ನೆ ಬಾಯಿ ಮುಚ್ಚಿಸಬೇಡಿ. ನಮ್ಮನ್ನೂ ಹಾಗೇ ಹೇಳಿ ಮೈದಾನದಿಂದ ಮನೆಗೆ ಕರೆದರು. ಪಕ್ಕದಲ್ಲಿ ಕೂರಿಸಿಕೊಂಡು ಐ-797, ಅಂದರೆ ಎಚ್-4 ಒಪ್ಪಿಗೆಯ ಪತ್ರ ತೆಗೆದು ತೋರಿಸಿ, ಅದರಲ್ಲಿ ಏನು ಬರೆದಿದೆ ಅಂತ ಬಿಡಿಸಿ ಹೇಳಿ. ಹದಿನೈದು ವರ್ಷದವರಿಗೆ ಅರ್ಥವಾಗುತ್ತದೆ. ಶನಿವಾರದ ಮ್ಯಾಚಿಗೆ ಮಾತ್ರ ತಪ್ಪದೆ ಹೋಗಿ.